ಬಾಯಿಬೀಗದ ಭಾನುವಾರ

ಬೆಳಕವಾಡಿಯ ಮರಿತಾಯಮ್ಮನ ಬಾಯಿಗೆ ಹೆದರದವರು ಊರಲ್ಲಿ ಯಾರಿದ್ದರು ಹೇಳಿ! ಎಮ್ಮೆ ಬೇಲಿ ನುಗ್ಗಿದರೆ ಎಮ್ಮೆಗೂ ಮಂಗಳಾರತಿ, ಎಮ್ಮೆಯ ಯಜಮಾನನಿಗೂ ಮಂಗಳಾರತಿ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ಹೊಸತರಲ್ಲಿ ಅವಳು ಗಂಡ ಮಾದಯ್ಯನ ಜೊತೆ ದೀಕ್ಷಾಸ್ನಾನ ತೆಗೆದುಕೊಂಡು ಕ್ರಿಸ್ತನವಳಾದಳು. ನಾಲಿಗೆ ಮಾತ್ರ ಎಲ್ಲಿತ್ತೋ ಅಲ್ಲೇ ಇತ್ತು.

ಅದೇ ಅವಳ ಕೊರಗು. ಮಂಡ್ಯದಿಂದ ಪಾದ್ರಿ ಅಯ್ಯನವರು ಆಗೊಮ್ಮೆ ಈಗೊಮ್ಮೆ ಸೈಕಲ್ಲಿನಲ್ಲಿ ಬಂದು ಪ್ರಾರ್ಥನೆ ಮನೆಯಲ್ಲಿ ಕ್ರಿಸ್ತನ ನೆನಪಿಗೆ ರೊಟ್ಟಿಯ ಚೂರು ಹಂಚುವ ಪ್ರಭುವಿನ ಭೋಜನ ಕೊಡುತ್ತಿದ್ದರು. ರೊಟ್ಟಿಯ ತಟ್ಟೆ ತನ್ನ ಸಾಲಿಗೆ ಬರುವಷ್ಟರಲ್ಲಿ ಮರಿತಾಯಮ್ಮ ಮೆಲ್ಲಗೆ ಎದ್ದು ಆಚೆ ಹೋಗಿಬಿಡುವಳು. ಬೆಳಗ್ಗೆ ತಾನೇ ಯಾರಿಗೋ ಬೈದ ಬಾಯಿ; ಆ ಬಾಯಿಗೆ ಅದನ್ನು ಹೇಗೆ ಹಾಕಿಕೊಳ್ಳುವುದು? ದೀಕ್ಷೆಯಾಗಿ ವರ್ಷಗಳೇ ಕಳೆದರೂ ಒಂದು ಸಲವೂ ತಿಂದಿರಲಿಲ್ಲ, ಪಾಪ.

ಈ ಸಲ ಗಟ್ಟಿ ಮನಸ್ಸು ಮಾಡಿದಳು. ಹಿಂದೆ ಅವಳ ತಾಯಿ ಮಾರಿಹಬ್ಬಕ್ಕೆ ಹರಕೆ ಹೊತ್ತು ಬಾಯಿಬೀಗ ಹಾಕಿಸಿಕೊಳ್ಳುತ್ತಿದ್ದಳು. ತುಟಿಗೆ ಬೆಳ್ಳಿ ಸರಳು ಚುಚ್ಚಿಸಿಕೊಂಡರೆ ಗುಡಿ ಮುಟ್ಟುವ ತನಕ ಮಾತೇ ಇಲ್ಲ. ಸರಳು ಬೇಡ, ಮೌನ ಸಾಕು ಎಂದುಕೊಂಡ ಮರಿತಾಯಮ್ಮ ಶನಿವಾರ ಸಂಜೆ ತಲೆಗೆ ನೀರು ಹಾಕಿಕೊಂಡು ಬಾಯಿ ಮುಚ್ಚಿದಳು. ಮಾತೇ ಇಲ್ಲದಿದ್ದರೆ ಪಾಪ ಎಲ್ಲಿಂದ ಬಂದೀತು!

"ಏನಮ್ಮಿ, ಮಾರಮ್ಮನ್ ಬುಟ್ರೂ ಬಾಯ್ಬೀಗ ಬುಡ್ನಿಲ್ವಾ?" ಎಂದು ಮಾದಯ್ಯ ನಕ್ಕ. ಅವಳು ಕಣ್ಣಲ್ಲೇ ಅವನನ್ನು ಸುಟ್ಟಳು.

ಭಾನುವಾರ ಬೆಳಗ್ಗೆ ಒಗೆದ ಸೀರೆ ಉಟ್ಟಳು. ಇನ್ನುಳಿದದ್ದು ಒಂದೇ ಗಂಡಾಂತರ: ಕೇರಿಯ ಕೊನೆಯ ಗುಡಿಸಲಿನ ದೇವಿರಮ್ಮ. ಕಣ್ಣು ಕಾಣದ ಮುದುಕಿ, ಹಿಂದಿಲ್ಲ ಮುಂದಿಲ್ಲ. ಅವಳ ಮಗ ತೀರಿಕೊಂಡಾಗಿನಿಂದ ಬೆಳಗಿನ ಅಂಬಲಿ ಮರಿತಾಯಮ್ಮನದೇ. ಆದರೆ ಬೈಗುಳದಲ್ಲಿ ಮುದುಕಿ ಇವಳಿಗಿಂತ ಒಂದು ಕೈ ಮೇಲು. ಉಪ್ಪಿಲ್ಲ, ಬರೀ ನೀರು, ನಾಯಿಗೆ ಹಾಕಿದ ಹಾಗೆ ಹಾಕ್ತೀಯ ಎಂದು ದಿನಾ ಜಗಳ. ಇವತ್ತು ಹೋದರೆ ನಾಲಿಗೆ ಜಾರುವುದು ಖಂಡಿತ. ಹೋಗದಿದ್ದರೆ ಮುದುಕಿ ಉಪವಾಸ. ಬೇರೆಯವರು ಕೊಟ್ಟರೆ ಮುಟ್ಟುವುದಿಲ್ಲ. ಮರಿತಾಯಮ್ಮ ಹೊಸಿಲಲ್ಲಿ ಸುಮಾರು ಹೊತ್ತು ನಿಂತು, ಕೊನೆಗೆ ಹಲ್ಲು ಕಚ್ಚಿಕೊಂಡು ಅಂಬಲಿ ಮಡಕೆ ಎತ್ತಿಕೊಂಡಳು.

ಗುಡಿಸಲೊಳಗೆ ಕೂತು, ಕುಡಿಕೆಗೆ ಅಂಬಲಿ ಬಗ್ಗಿಸಿ, ಮಾತಿಲ್ಲದೆ ಮುದುಕಿಯ ಮುಂದಿಟ್ಟಳು.

"ಯಾರದು?" ಎಂದಳು ದೇವಿರಮ್ಮ.

ಮರಿತಾಯಮ್ಮ ಕುಡಿಕೆಯನ್ನು ಇನ್ನಷ್ಟು ಹತ್ತಿರ ತಳ್ಳಿದಳು.

"ಯಾರ್ಲಾ ಅದು? ಬಾಯ್ ಬುಡ್ರಲಾ! ನಮ್ ಮರಿತಾಯಿ ಎಲ್ಲಿ? ಏನಾಯ್ತು ಅವ್ಳಿಗೆ?" ಮುದುಕಿ ಕೈ ಬೀಸಿದಳು. ಕುಡಿಕೆ ಉರುಳಿ ಅಂಬಲಿಯೆಲ್ಲ ಒಗೆದ ಸೀರೆಯ ಮೇಲಾಯಿತು. "ಸತ್ತೋದ್ಲಾ? ನನ್ ಬುಟ್ಟು ಓಗ್ಬುಟ್ಲಾ?" ಎಂದು ಗೊಳೋ ಎಂದು ಅತ್ತಳು.

ಮರಿತಾಯಮ್ಮನಿಗೆ ತಡೆಯಲಾಗಲಿಲ್ಲ. "ನಾನೇ ಕಣಮ್ಮೋ, ಬದುಕಿವ್ನಿ! ಇರೋ ಒಂದ್ ಸೀರೆನೂ ಕೆಡಿಸ್ಬುಟ್ಯಲ್ಲ, ನಿನ್ ಮನೆ ಆಳಾಗ!"

ಅಳು ತಟ್ಟನೆ ನಿಂತಿತು. ಮುದುಕಿ ಎರಡೂ ಕೈಯಿಂದ ಅವಳ ಮುಖ ತಡಕಿದಳು. "ಬೈಯವ್ವ, ಇನ್ನೊಂದ್ಸಲ ಬೈಯಿ. ನೀ ಬೈದ್ರೇನೇ ನಂಗೆ ಬೆಳಗಾಗೋದು. ಒಳ್ಳೆ ಮಾತಾಡೋರು ಬೇಕಾದಷ್ಟು ಜನ ಅವ್ರೆ ಕಣಮ್ಮ. ದಿನಾ ಬರೋಳು ನೀನೊಬ್ಳೇಯ."

ಮರಿತಾಯಮ್ಮ ಉರುಳಿದ ಕುಡಿಕೆ ಎತ್ತಿಕೊಂಡಳು. ಮಡಕೆಯಲ್ಲಿ ಉಳಿದಿದ್ದನ್ನು ಬಗ್ಗಿಸಿ ಅವಳೇ ಕುಡಿಸಿದಳು. "ಉಪ್ಪಿಲ್ಲ" ಎಂದಳು ಮುದುಕಿ, ಪೂರ್ತಿ ಕುಡಿದ ಮೇಲೆ.

ಪ್ರಾರ್ಥನೆ ಮನೆ ಸೇರುವಷ್ಟರಲ್ಲಿ ಅಯ್ಯನವರು ತಟ್ಟೆ ಹಿಡಿದು ಹೊರಟಿದ್ದರು. ಸೀರೆಯ ಕಲೆ ಮುಚ್ಚಿಕೊಳ್ಳುತ್ತ ಅವಳು ಹಿಂದಿನ ಸಾಲಿನಲ್ಲಿ ಕೂತಳು. ಬೈದದ್ದಾಗಿತ್ತು, ಎದ್ದು ಹೋಗಬೇಕು. ಮೊಣಕಾಲೂರಿ ಏಳಲು ಹೊರಟವಳಿಗೆ ಒಂದು ಹೊಳೆಯಿತು. ಆ ಮುದುಕಿ ಅಷ್ಟು ಬೈದರೂ ಒಂದು ದಿನವಾದರೂ ತಾನು ಅವಳಿಗೆ ಅಂಬಲಿ ತಪ್ಪಿಸಿದ್ದುಂಟೇ? ತನಗೇ ಅಷ್ಟು ಮನಸ್ಸಿದ್ದ ಮೇಲೆ, ದೇವರಿಗೆ ಕಡಿಮೆಯೇ?

ಅವಳು ಏಳಲಿಲ್ಲ. ತಟ್ಟೆ ಮುಂದೆ ಬಂತು. ಅಂಬಲಿ ವಾಸನೆಯ ಎರಡು ಕೈಗಳನ್ನೂ ಚಾಚಿದಳು.

"ಇಂಥಾ ಬಾಯ್ಗೂ ಉಣ್ಣಿಸ್ತೀಯಲ್ಲಪ್ಪ," ಎಂದಳು, ಇಡೀ ಪ್ರಾರ್ಥನೆ ಮನೆಗೆ ಕೇಳುವಂತೆ, ಅಳುತ್ತ.