ನಿಂತೇ ಮಾಡುವ ಕೆಲಸ

ಯಜಮಾನಿ ಕಿಟಕಿಯ ಕಡೆ ನೋಡಬಾರದು ಅಂದುಕೊಂಡೇ ಮತ್ತೆ ನೋಡಿದಳು. ಆರು ಜನ ಕೆಲಸದವರೂ ಅಲ್ಲೇ ಇದ್ದರು. ಲಾಂಡ್ರಿಯ ಎದುರಿಗಿನ ಬಡಗಿಯ ಅಂಗಡಿಯ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ಘೋಷಣೆಯಿಲ್ಲ, ಕೂಗಾಟವಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ತೆಪ್ಪಗೆ ಕೂತವರನ್ನು ಏನು ಮಾಡುವುದು?

ಅವರು ಕೇಳಿದ್ದೂ ಕೂರುವುದಕ್ಕೇ. ದಿನಕ್ಕೆ ಒಂಬತ್ತು ತಾಸು ನಿಂತು ಇಸ್ತ್ರಿ ಮಾಡುತ್ತೇವೆ, ಒಬ್ಬೊಬ್ಬರಿಗೂ ಒಂದೊಂದು ಸ್ಟೂಲು ಹಾಕಿಸಿ ಎಂದು ಒಂದು ತಿಂಗಳಿಂದ ಕೇಳುತ್ತಿದ್ದರು. ಯಜಮಾನಿ ‘ನಾಳೆ ನೋಡೋಣ’ ಎನ್ನುತ್ತ ಬಂದು, ನಿನ್ನೆ ಖಡಾಖಂಡಿತವಾಗಿ ಆಗುವುದಿಲ್ಲ ಎಂದಿದ್ದಳು. ಇವತ್ತು ಬೆಳಿಗ್ಗೆ ಬಂದು ಬೀಗ ತೆಗೆದಾಗ ಒಳಗೆ ಕಾಲಿಟ್ಟದ್ದು ಅವಳೊಬ್ಬಳೇ.

ನಾಲ್ಕು ಗಂಟೆಗೆ ಆಸ್ಪತ್ರೆಯ ವ್ಯಾನು ಬರುತ್ತದೆ. ನೂರ ನಲವತ್ತು ಹಾಸಿಗೆ ಬಟ್ಟೆ, ಅರವತ್ತು ಗೌನು. ಈ ವರ್ಷ ಆಗಲೇ ಎರಡು ಸಲ ತಡವಾಗಿತ್ತು. ಮೂರನೆಯ ಸಲವೂ ತಪ್ಪು ಲಾಂಡ್ರಿಯದೇ ಆದರೆ ಕೆಲಸ ಬೇರೆಯವರಿಗೆ ಎಂದು ಆಸ್ಪತ್ರೆಯವರು ಕಾಗದ ಬರೆದು ತಿಳಿಸಿದ್ದರು. ಆಸ್ಪತ್ರೆ ಬಿಟ್ಟುಹೋದರೆ ಲಾಂಡ್ರಿಯಲ್ಲಿ ಉಳಿಯುವುದು ಬೀದಿಯವರ ನಾಲ್ಕು ಅಂಗಿ, ಎರಡು ಪರದೆ.

“ಅತ್ತಿಗೆ, ಈ ಗೌನಿಗೆ ಹಿಂದೆ ಯಾವುದು, ಮುಂದೆ ಯಾವುದು?” ಎಂದಳು ನಾದಿನಿ. ಬೆಳಿಗ್ಗೆ ಫೋನು ಮಾಡಿ ಕರೆಸಿಕೊಂಡಿದ್ದ ಒಂದೇ ಸಹಾಯ ಅವಳು.

“ದಾರ ಇರೋದು ಹಿಂದೆ ಕಣೇ.”

“ಎರಡೂ ಕಡೆ ಇದೆಯಲ್ಲ!”

“ಹಾಗಾದ್ರೆ ತಿರುಗಾ ಮುರುಗಾ ಹಿಡ್ಕೊಂಡಿದೀಯ. ಕೊಡು ಇಲ್ಲಿ.”

ಮಧ್ಯಾಹ್ನ ಎರಡಾಗುವ ಹೊತ್ತಿಗೆ ಇಬ್ಬರೂ ಸೇರಿ ಮುಗಿಸಿದ್ದು ಐವತ್ತು ದಾಟಿರಲಿಲ್ಲ. ಯಜಮಾನಿಯ ಮಂಡಿ ಮರಗಟ್ಟಿತ್ತು. ಅವಳು ಇಸ್ತ್ರಿ ಮುಟ್ಟದೆ ಆರು ವರ್ಷವಾಗಿತ್ತು. ಲಾಂಡ್ರಿ ನಡೆಸುತ್ತಿದ್ದ ಅಮ್ಮ ತೀರಿಕೊಂಡ ಮೇಲೆ ಅವಳ ಕೆಲಸವೆಲ್ಲ ಮುಂದಿನ ಕೋಣೆಯಲ್ಲಿ, ಫೋನು ಮತ್ತು ಚೀಟಿಗಳ ನಡುವೆ. ಆದರೂ ಮನಸ್ಸು ಒಂದೇ ಕಡೆ ಜಗ್ಗುತ್ತಿತ್ತು. ಇವರಿಗೆ ಮುಂದಾಳು ಆ ಗುಬ್ಬಿಯೇ! ಬೇರೆ ಯಾರಾದರೂ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಗುಬ್ಬಿ ಎಂಬುದು ಅಮ್ಮ ಇಟ್ಟ ಹೆಸರು. ಆಳು ಅಷ್ಟು ಕುಳ್ಳಿ. ಎರಡು ವರ್ಷದ ಹಿಂದೆ, ಸ್ಟೂಲುಗಳಿನ್ನೂ ಇದ್ದ ಕಾಲದಲ್ಲಿ, ಕೂತು ಇಸ್ತ್ರಿ ಮಾಡುತ್ತಿದ್ದ ಗುಬ್ಬಿಯ ತೊಡೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಬಿದ್ದಿತ್ತು. ಯಜಮಾನಿಯೇ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದಳು. ಹನ್ನೊಂದು ದಿನ ಎರಡು ಹೊತ್ತೂ ಹೋಗಿ ಬಂದಿದ್ದಳು. ಇನ್ನೆಂದೂ ಹೀಗಾಗಬಾರದು ಎಂದು ಆ ವಾರವೇ ಸ್ಟೂಲುಗಳನ್ನೆಲ್ಲ ಗುಜರಿಗೆ ಹಾಕಿದ್ದಳು. ಸುಟ್ಟುಕೊಂಡವಳೇ ಈಗ ಸ್ಟೂಲು ಬೇಕು ಅಂತ ಎದುರು ಕೂತಿದ್ದಾಳೆ. ಬುದ್ಧಿ ಬೇಡವೇ?

ಇನ್ನೊಂದು ಬಟ್ಟೆ ಹಾಸಿದಳು. ಗಂಜಿಯ ಬಕೆಟ್ಟು ಮೇಜಿನ ಪಕ್ಕದಲ್ಲೇ ಇತ್ತು. ಅದನ್ನು ಕೆಳಗಿಳಿಸಿ, ಅದರಡಿಯಿದ್ದುದನ್ನು ಕಾಲಿನಿಂದ ಎಳೆದುಕೊಂಡು, ಇಸ್ತ್ರಿ ಮುಂದುವರಿಸಿದಳು.

“ಅತ್ತಿಗೆ.”

“ಈಗೇನೇ?”

“ನೀವು ಕೂತಿದೀರಿ.”

ಗುಜರಿಗೆ ಹೋಗದೆ ಬಕೆಟ್ಟಿನಡಿ ಉಳಿದುಕೊಂಡಿದ್ದ ಒಂದೇ ಒಂದು ಸ್ಟೂಲದು. ಯಜಮಾನಿ ಕಿಟಕಿಯತ್ತ ನೋಡಿದಳು. ಆರು ತಲೆಗಳೂ ಇತ್ತಲೇ ತಿರುಗಿದ್ದವು. ಒಬ್ಬರೂ ನಗಲಿಲ್ಲ. ಗುಬ್ಬಿ ಮಾತ್ರ ಎದ್ದು ರಸ್ತೆ ದಾಟತೊಡಗಿದಳು.

ಯಜಮಾನಿ ಗಡಬಡಿಸಿದಳು. ಕೂತವಳಿಗೆ ಮೇಜು ಎದೆಯ ಮಟ್ಟಕ್ಕಿತ್ತು, ಮೊಣಕೈ ಭುಜದ ಮಟ್ಟಕ್ಕೆ ಏರಿತ್ತು. ಆ ಎತ್ತರದಲ್ಲಿ ಮಣಿಕಟ್ಟು ಮಾತು ಕೇಳಲಿಲ್ಲ. ಇಸ್ತ್ರಿಪೆಟ್ಟಿಗೆ ಅಂಚಿಗೆ ಜಾರಿ, ವಾಲಿ, ನೇರ ಅವಳ ಮಡಿಲ ಕಡೆಗೆ ಬಂತು. ನಾದಿನಿ ವೈರು ಹಿಡಿದು ಜಗ್ಗಿದಳು. ಪೆಟ್ಟಿಗೆ ದಡಾರನೆ ನೆಲಕ್ಕೆ ಬಿತ್ತು. ಸ್ಟೂಲೂ ಉರುಳಿತು.

ಗುಬ್ಬಿ ಬಾಗಿಲಲ್ಲಿ ನಿಂತಿದ್ದಳು. “ಮೊಣಕೈ ಮೇಲೆ ಹೋಯ್ತಾ ಅಕ್ಕಾ?”

ಯಜಮಾನಿ ಉರುಳಿದ ಸ್ಟೂಲನ್ನು ಎತ್ತಿ ನಿಲ್ಲಿಸಿದಳು.

“ಅವತ್ತು ನಂಗೂ ಹೀಗೇ ಆಗಿದ್ದು,” ಎಂದಳು ಗುಬ್ಬಿ. “ಸ್ಟೂಲಿಂದ ಅಲ್ಲ. ಮೇಜಿಂದ.”

“ಮತ್ತೆ ಆಗ್ಲೇ ಯಾಕೆ ಬಾಯಿ ಬಿಡ್ಲಿಲ್ಲ?”

“ನೀವು ಕೇಳಿದ್ರಾ? ಹಣ್ಣು ತಂದ್ರಿ, ತಲೆ ಬಾಚಿದ್ರಿ, ನಮ್ಮಮ್ಮನೂ ಅಷ್ಟು ಮಾಡ್ತಿರ್ಲಿಲ್ಲ. ಹೇಗೆ ಬಿತ್ತೇ ಗುಬ್ಬಿ ಅಂತ ಮಾತ್ರ ಕೇಳ್ಲಿಲ್ಲ. ನಾನು ವಾಸಿಯಾಗಿ ಬಂದು ನೋಡಿದ್ರೆ ಸ್ಟೂಲೇ ಇಲ್ಲ. ಇವಳಿಂದ ನಮ್ದೂ ಹೋಯ್ತು ಅಂತ ಅವರೆಲ್ಲ ಎಷ್ಟು ದಿನ ನನ್ನ ಹತ್ರ ಮಾತು ಬಿಟ್ಟಿದ್ರು ಗೊತ್ತಾ?”

ಯಜಮಾನಿ ಮೇಜನ್ನು ನೋಡಿದಳು. ಅಂಥವು ಮೂರಿದ್ದವು. ಅಮ್ಮ ಎದುರು ನಿಂತು ತನ್ನ ಅಳತೆಗೆ ಮಾಡಿಸಿದವು. ಅಂಚುಗಳು ಅಮ್ಮನ ಕೈ ಉಜ್ಜಿ ಉಜ್ಜಿ ನುಣುಪಾಗಿದ್ದವು.

“ಈಗೇನು ಮಾಡು ಅಂತೀಯ?”

“ಕಾಲು ಒಂದು ಗೇಣು ಕತ್ತರಿಸ್ಬೇಕು.”

“ಅದು ಅಮ್ಮನ ಮೇಜು ಕಣೇ!”

“ಅಮ್ಮಾವ್ರು ಬಾಗಿಲಿಗೆ ತಲೆ ತಗ್ಗಿಸಿ ಬರ್ತಿದ್ರು. ನಾನು ಹಾರಿದ್ರೂ ತಾಗಲ್ಲ.”

ನಾದಿನಿ ಕಿಸಕ್ಕನೆ ನಕ್ಕು, ಅತ್ತಿಗೆಯ ಮುಖ ನೋಡಿ ಸುಮ್ಮನಾದಳು. ಗೋಡೆಯ ಗಡಿಯಾರದಲ್ಲಿ ಎರಡು ಇಪ್ಪತ್ತು.

“ಸರಿ. ಇವತ್ತಿಂದು ಮುಗಿಸಿಕೊಡಿ. ನಾಳೆ ಬಡಗೀನ ಕರೆಸ್ತೀನಿ.”

“ನಾಳೆ ಅನ್ನೋದನ್ನ ಒಂದು ತಿಂಗಳು ಕೇಳಿದೀವಿ ಅಕ್ಕಾ. ಒಂದು ಮೇಜು ಈಗ, ನಮ್ಮ ಕಣ್ಣೆದುರಿಗೆ. ಗರಗಸ ಇಟ್ಟ ತಕ್ಷಣ ಆರು ಜನಾನೂ ಒಳಗೆ ಬರ್ತೀವಿ.”

ಯಜಮಾನಿ ಕಿಟಕಿಗೆ ಹೋದಳು. “ಬಡಗಿಯವ್ರೇ, ಗರಗಸ ತಗೊಂಡು ಬನ್ನಿ! ಒಂದು ಸ್ಟೂಲೂ ಇರ್ಲಿ!”

ಮೊದಲ ಕಾಲಿಗೆ ಗರಗಸ ತಾಗಿದಾಗ ಅವಳು ಬೆನ್ನು ತಿರುಗಿಸಿ ಬಟ್ಟೆ ಮಡಚುತ್ತ ನಿಂತಳು. ಉಳಿದೆರಡು ಮೇಜುಗಳಲ್ಲಿ ಆಗಲೇ ಕೆಲಸ ಶುರುವಾಗಿತ್ತು. ನಾಲ್ಕನೆಯ ತುಂಡು ನೆಲಕ್ಕೆ ಬಿದ್ದ ಸದ್ದು ಕೇಳಿದ ಮೇಲೇ ತಿರುಗಿದಳು. ಗುಬ್ಬಿ ಕೂತಿದ್ದಳು. ಅವಳ ಮೊಣಕೈ ಸೊಂಟದ ಪಕ್ಕದಲ್ಲಿತ್ತು. ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ವಾಲದೆ ಓಡುತ್ತಿತ್ತು.

ನಾಲ್ಕಕ್ಕೆ ಸರಿಯಾಗಿ ವ್ಯಾನಿನ ಹಾರ್ನು ಕೇಳಿಸಿತು. ಇನ್ನೂ ಮೂವತ್ತೊಂದು ಬಾಕಿ.

“ಅರ್ಧ ಗಂಟೆ ಕಾಯಬೇಕು,” ಎಂದಳು ಯಜಮಾನಿ ಹೊರಗೆ ಬಂದು.

“ಕಾಯ್ತೀನಿ ಮೇಡಂ, ಆದ್ರೆ ಬರೆದು ಕೊಡ್ಬೇಕಲ್ಲ.” ಡ್ರೈವರ್ ತಡವಾದದ್ದಕ್ಕೆ ಕಾರಣ ಬರೆಯುವ ಫಾರಂ ಚಾಚಿ ದನಿ ತಗ್ಗಿಸಿದ. “ಬೆಳಿಗ್ಗೆ ಈ ಕಡೆ ಹಾದುಹೋಗುವಾಗ ಮೆಟ್ಟಿಲ ಮೇಲೆ ಕೂತವರನ್ನ ನೋಡ್ದೆ. ಕೆಲಸದವರು ಕೈಕೊಟ್ರು ಅಂತ ಬರೀರಿ. ಅದು ನಿಮ್ಮ ತಲೆ ಮೇಲೆ ಬರಲ್ಲ.”

ಅವಳು ವ್ಯಾನಿನ ಬಾನೆಟ್ಟಿನ ಮೇಲೆ ಫಾರಂ ಇಟ್ಟುಕೊಂಡಳು. ‘ಕೆಲಸದವರು’ ಎಂದು ಬರೆದಳು. ಪೆನ್ನು ಅಲ್ಲೇ ನಿಂತಿತು. ಈ ಕಾಗದ ಫೈಲು ಸೇರುತ್ತದೆ. ನಾಳೆ ಇವರಲ್ಲಿ ಯಾರಾದರೂ ಆಸ್ಪತ್ರೆಯಲ್ಲೇ ಕೆಲಸ ಕೇಳಿ ಹೋದರೆ ಇದೇ ಎದುರು ಬರುತ್ತದೆ. ಬರೆಯದಿದ್ದರೆ ಆಸ್ಪತ್ರೆಯೇ ಹೋದೀತು. ಕಿಟಕಿಯೊಳಗೆ ಯಾರೂ ಅವಳನ್ನು ನೋಡುತ್ತಿರಲಿಲ್ಲ. ಎಲ್ಲರ ತಲೆಯೂ ಕೆಲಸದ ಮೇಲೆ ಬಗ್ಗಿತ್ತು.

ಬರೆದದ್ದನ್ನು ಹೊಡೆದುಹಾಕಿ ಕೆಳಗೆ ಬರೆದಳು: ‘ನಮ್ಮ ಮೇಜು ಎತ್ತರವಾಗಿತ್ತು. ಸರಿಪಡಿಸುತ್ತಿದ್ದೇವೆ.’ ಸಹಿ ಹಾಕಿದಳು.

ಡ್ರೈವರ್ ಎರಡು ಸಲ ಓದಿದ. “ಮೇಜಾ? ಇದನ್ನ ಯಾರು ಒಪ್ತಾರೆ ಮೇಡಂ?”

“ಗೊತ್ತಿಲ್ಲ ಕಣಪ್ಪ. ಬೇಕಾದ್ರೆ ಬಂದು ಅಳತೆ ತಗೊಳ್ಳಲಿ.”

ಅವಳು ಒಳಗೆ ಬಂದಳು. ಮೇಜಿನ ಕಾಲುಗಳನ್ನು ಸಮ ಮಾಡಿ ಮುಗಿಸಿದ ಬಡಗಿ ಗರಗಸ ಒರೆಸಿಕೊಂಡು ಹೊರಡುವುದರಲ್ಲಿದ್ದ.

“ಎಲ್ಲಿಗೆ?” ಎಂದಳು ಯಜಮಾನಿ. “ಇನ್ನೂ ಎರಡು ಮೇಜಿವೆ. ಆ ಬಟ್ಟೆ ಮುಗೀಲಿ, ಅಲ್ಲೀವರೆಗೆ ಕಾಲಿಗೆ ಗುರುತು ಹಾಕಿ.”