ಅಜ್ಜನ ಹೆಸರು ಕೇಳದ ಅರ್ಜಿ

ನೇಪಾಳದ ತಾನ್ಸೇನ್ ಪೇಟೆಯ ಜಿಲ್ಲಾ ಕಚೇರಿಯ ಎದುರು ಜುನ್ಕಿರಿಯ ಟೈಪಿಂಗ್ ಅಂಗಡಿ. ಕೆಲವು ದಿನಗಳಿಂದ ಅಲ್ಲಿನ ಕಂಪ್ಯೂಟರಿಗೆ ಏನೋ ಮೆಟ್ಟಿಕೊಂಡಿತ್ತು. ಹಳೆಯ ಫಾಂಟಿನ ಅಕ್ಷರದಲ್ಲಿ ಟೈಪು ಮಾಡಿದ್ದನ್ನು ಸರ್ಕಾರ ಒಪ್ಪುವ ಹೊಸ ಅಕ್ಷರಕ್ಕೆ ಬದಲಿಸುವ ಪುಕ್ಕಟೆ ತಂತ್ರಾಂಶವೊಂದನ್ನು ಅವಳು ಇಳಿಸಿಕೊಂಡಿದ್ದಳು. ಅದು ಕೇಳಿದ್ದಕ್ಕೆಲ್ಲ ಓದದೆಯೇ ‘ಆಗಲಿ, ಆಗಲಿ’ ಎಂದು ಒತ್ತಿದ್ದಳು. ಹೊಸಿಲಾಚೆ ನಿಂತ ಪೀಡೆ, ಮನೆಯವರು ಬಾ ಅನ್ನದೆ ಒಳಗೆ ಬರುವುದಿಲ್ಲವಂತೆ; ಬಂದ ಮೇಲೆ ಹೋಗು ಅಂದರೆ ಹೋಗುವುದೂ ಇಲ್ಲವಂತೆ. ಅಂದಿನಿಂದ ಏನನ್ನೇ ಹುಡುಕಲಿ, ಕಾಣದ ಕೈಯೊಂದು ಗುರುತು ಪರಿಚಯವಿಲ್ಲದ, ನೀಲಿ ಬಣ್ಣದ ಹುಡುಕಾಟದ ಪುಟಕ್ಕೆ ಎಳೆದೊಯ್ಯುತ್ತಿತ್ತು. ಹುಡುಕಿದ್ದು ಅಲ್ಲೂ ಸಿಗುತ್ತಿತ್ತಲ್ಲ ಎಂದು ಅವಳು ಸುಮ್ಮನಿದ್ದಳು.

ಆ ಮಧ್ಯಾಹ್ನ ಗೆಳತಿ ಸಾನುಮಾಯಾ ಏದುಸಿರು ಬಿಡುತ್ತ ಬಂದಳು. ಸರ್ಕಾರಿ ಆಸ್ಪತ್ರೆಯ ನರ್ಸ್ ಕೆಲಸಕ್ಕೆ ಅರ್ಜಿ ಹಾಕಲು ಇವತ್ತೇ ಕಡೆಯ ದಿನ. ಬರುವ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ.

“ಬೇಗ ಮಾಡೇ. ಇನ್ನೊಂದ್ಸಲ ಹುಟ್ಟಿ ಬರಕ್ಕಾಗಲ್ಲ ನಂಗೆ.”

ಅಲ್ಲಿ ಯಾರೂ ವಿಳಾಸ ಟೈಪು ಮಾಡುವವರಲ್ಲ. ಕಚೇರಿಯ ಹೆಸರು ಹುಡುಕಿ, ಮೊದಲು ಸಿಕ್ಕಿದ್ದನ್ನು ಒತ್ತುವುದೇ ರೂಢಿ. ಜುನ್ಕಿರಿಯೂ ಆ ನೀಲಿ ಪುಟದಲ್ಲಿ ಹುಡುಕಿ ಒತ್ತಿದಳು. ಸರ್ಕಾರದ ಲಾಂಛನ, ಕೆಂಪು ಅಂಚು, ಎಲ್ಲ ಸರಿಯಿತ್ತು. ಹೆಸರು, ಪೌರತ್ವ ಪತ್ರದ ಸಂಖ್ಯೆ, ಮೊಬೈಲ್ ನಂಬರು, ಬ್ಯಾಂಕ್ ಖಾತೆ ಎಲ್ಲ ತುಂಬಿ ಕಳಿಸಿದ್ದೇ ತಡ, ‘ಧನ್ಯವಾದ’ ಎಂದಿತು ಪುಟ.

“ಇಷ್ಟೇನಾ? ಅಜ್ಜನ ಹೆಸರು ಬರೀಲೇ ಇಲ್ವಲ್ಲೇ!” ಎಂದಳು ಸಾನುಮಾಯಾ.

ಜುನ್ಕಿರಿ ಪುಟವನ್ನು ಮೇಲಿಂದ ಕೆಳಗೆ ಮತ್ತೊಮ್ಮೆ ನೋಡಿದಳು. ನಲ್ಲಿ ನೀರು ಬೇಕೆಂದರೂ ಅಪ್ಪ ಯಾರು, ಅಜ್ಜ ಯಾರು ಎಂದು ಕೇಳದೆ ಬಿಡುವ ಕಚೇರಿ ನೇಪಾಳದಲ್ಲಿ ಉಂಟೇ?

ಪುಟ ಮುಚ್ಚಿದಳು, ತಾನೇ ತೆರೆದುಕೊಂಡಿತು. ಬೇರೆಯದನ್ನು ತೆರೆದಳು, ಅದೇ ನೀಲಿ. ಯಾವ ಬಾಗಿಲು ದೂಡಿದರೂ ಅದೇ ಕೋಣೆಗೆ ಬಂದು ಬೀಳುವ, ಕಥೆಯ ರಾಜಕುಮಾರಿಯ ಪಾಡಾಯಿತು ಅವಳದು.

ಇಬ್ಬರೂ ಅದೇ ಬೀದಿಯ ಇನ್ನೊಂದು ಟೈಪಿಂಗ್ ಅಂಗಡಿಯ ಧನಲಾಲನ ಬಳಿಗೆ ಓಡಿದರು.

“ಏನ್ ಬಹಿನಿ, ಇವತ್ತು ಈ ಬಡವನ ಅಂಗಡಿ ಕಣ್ಣಿಗೆ ಬಿತ್ತೋ?” ಎಂದು ತಂಗಿಯನ್ನು ಕೆಣಕುವಂತೆ ಅಣಕಿಸುತ್ತಲೇ ಅವನು ಹುಡುಕಿದ. ತೆರೆದದ್ದು ಅದೇ ನೀಲಿ ಪುಟ.

“ಅಯ್ಯೋ ದಾಜು, ಅಣ್ಣಾ, ಇದು ನಿಮ್ಮಲ್ಲಿಗೆ ಹೇಗ್ ಬಂತು?” ಎಂದಳು ಜುನ್ಕಿರಿ.

“ಚೆನ್ನಾಗ್ ಕೇಳ್ತೀಯ! ಅಕ್ಷರ ಬದಲ್ಸೋ ಆ ತಂತ್ರಾಂಶನ ಪೆನ್ ಡ್ರೈವಲ್ಲಿ ತಂದ್ಕೊಟ್ಟೋಳು ನೀನೇ ತಾನೇ? ಬೀದಿಗೆಲ್ಲ ಪ್ರಸಾದ ಹಂಚ್ದಂಗೆ ಹಂಚಿದ್ಯಲ್ಲ!”

ಇನ್ನು ಉಳಿದದ್ದು ಸಾನುಮಾಯಾಳ ಬಿರುಕುಬಿಟ್ಟ ಮೊಬೈಲ್ ಒಂದೇ. ಕಚೇರಿಯ ಗೋಡೆಗೆ ಅಂಟಿಸಿದ್ದ ಪ್ರಕಟಣೆ ನೋಡಿ ಅವಳು ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಓದಿದಳು, ಜುನ್ಕಿರಿ ಒತ್ತಿದಳು. ಈ ಸಲದ ಅರ್ಜಿ ವಂಶವನ್ನೆಲ್ಲ ಜಾಲಾಡಿತು. ಜವಾನ ಕಚೇರಿಯ ಬಾಗಿಲು ಎಳೆಯುವ ಹೊತ್ತಿಗೆ ಅರ್ಜಿ ಸೇರಿತು.

ಸಾನುಮಾಯಾ ಮೆಟ್ಟಿಲ ಮೇಲೆ ಕುಸಿದು ನಕ್ಕಳು. ಆಮೇಲೆ ನಗು ನಿಲ್ಲಿಸಿ, “ಅಲ್ವೇ, ಮೊದ್ಲು ಆ ಕಳ್ಳ ಪುಟಕ್ಕೆ ಬ್ಯಾಂಕ್ ಖಾತೆ, ಮೊಬೈಲ್ ನಂಬರು ಎಲ್ಲ ಕೊಟ್ವಲ್ಲ, ಅದು ವಾಪಸ್ ಬರತ್ತಾ?” ಎಂದಳು.

ಜುನ್ಕಿರಿ ಬಾಯಿ ತೆರೆಯುವ ಮೊದಲೇ ಸಾನುಮಾಯಾಳ ಮೊಬೈಲ್ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು.

“ಎತ್ತಬೇಡ,” ಎಂದಳು ಜುನ್ಕಿರಿ.

ನಿಂತಿತು. ಮತ್ತೆ ಶುರುವಾಯಿತು. ಇಬ್ಬರೂ ಅದನ್ನು ನಡುವೆ ಇಟ್ಟುಕೊಂಡು, ಮುಟ್ಟದೆ, ನೋಡುತ್ತ ಕುಳಿತರು.