ಸಾವಿಗೆ ಎಷ್ಟು ಅಂಕ?

ಬ್ಯಾಲರ್ಡ್ ಅನ್ನುವ ನಮ್ಮ ಬಂದರುಕೇರಿಯ ಮೀನುಗಾರರ ಮನೆಗಳಲ್ಲಿ ಗಂಡಸು ಕಡಲಿಗೆ ಹೋದರೆ ಅವನ ಕಾಫಿ ಲೋಟವನ್ನು ಬೋರಲು ಹಾಕುತ್ತೇವೆ. ದೋಣಿ ದಡ ಸೇರಿದ ಮೇಲೆಯೇ ಅದನ್ನು ನೆಟ್ಟಗಿಡುವುದು. ನಾನೇ ಎತ್ತಿ ಆಡಿಸಿದ ತಮ್ಮ ಸ್ವೆರೆ, ಅಲಾಸ್ಕಾದ ಕಡೆ ಏಡಿ ಹಿಡಿಯಲು ಹೋದವನು, ದೋಣಿ ಸಮೇತ ಮುಳುಗಿದ. ಹೆಣವೂ ಸಿಗಲಿಲ್ಲ. ಚಳಿಗಾಲ ಕಳೆಯುವಷ್ಟರಲ್ಲಿ ಅವನ ಹೆಂಡತಿ ಟೊರುನ್ ಆ ಲೋಟವನ್ನು ನೆಟ್ಟಗಿಟ್ಟು, ದಿನಾ ಕಾಫಿ ಬಗ್ಗಿಸತೊಡಗಿದ್ದಳು. ನಾನು ಹೋದಾಗಲೆಲ್ಲ ಬೋರಲು ಹಾಕಿ ಬರುತ್ತಿದ್ದೆ. ಮತ್ತೆ ಹೋದರೆ ನೆಟ್ಟಗೇ ಇರುತ್ತಿತ್ತು.

ನನಗೆ ಗಂಡನಿಲ್ಲ, ಮಕ್ಕಳಿಲ್ಲ. ನನ್ನವಳು ಅಂತ ಉಳಿದವಳು ಇವಳೊಬ್ಬಳೇ. ಇವಳೂ ಕೈತಪ್ಪಿ ಹೋಗುತ್ತಾಳೆಂದು ಜೀವ ಹೊಡೆದುಕೊಳ್ಳುತ್ತಿತ್ತು. ಆಗ ಪ್ರಿಚೆಟ್ ಅನ್ನುವ ಡಾಕ್ಟರೊಬ್ಬರು ನಮ್ಮ ಕೇರಿಗೆ ಬಂದರು. ಬದುಕಿನ ಏರುಪೇರು ಮನುಷ್ಯನನ್ನು ಎಷ್ಟು ಅಲ್ಲಾಡಿಸುತ್ತದೆ, ಅದರಿಂದ ಯಾರು ಕಾಯಿಲೆ ಬೀಳುತ್ತಾರೆ ಎಂದು ಅಂಕ ಹಾಕಿ ಅಳೆಯುವವರು. ಟೊರುನ್ ಬಾಯಲ್ಲಿ 'ಸತ್ತ' ಅನ್ನುವ ಮಾತು ಒಂದು ಸಲ ಬಂದರೆ ಸಾಕೆಂದು ನಾನೇ ಅವರನ್ನು ಮನೆಗೆ ಕರೆತಂದೆ.

"ಮದುವೆ ತಂದ ಏರುಪೇರಿಗೆ ಐವತ್ತು ಅಂಕ ಅಂತ ಇಟ್ಕೊಳ್ಳಿ," ಅಂದರು ಡಾಕ್ಟರು. "ಅದಕ್ಕೆ ಹೋಲಿಸಿದ್ರೆ, ಗಂಡ ತೀರಿಕೊಂಡಿದ್ದಕ್ಕೆ ಎಷ್ಟು ಕೊಡ್ತೀರಿ?"

"ಸೊನ್ನೆ," ಅಂದಳು ಟೊರುನ್.

"ಊಟ-ತಿಂಡಿ ಬದಲಾಗಿದ್ಯಾ?"

"ಸ್ವಲ್ಪ. ಅವನೀಗ ಏನೂ ತಿನ್ನಲ್ಲ, ಬರೀ ಕಾಫಿ. ಹತ್ತು ಹಾಕ್ಕೊಳ್ಳಿ."

"ನಿದ್ದೆ?"

"ಅವನು ಒದ್ದೆ ಬಟ್ಟೇಲೇ ಬಂದು ಮಲಗ್ತಾನೆ. ಹಾಸಿಗೆ ಒಣಗೋದೇ ಇಲ್ಲ. ಐದು."

ನನಗೆ ಮೈಯೆಲ್ಲ ಉರಿಯಿತು. "ಏ ಮಾರಾಯ್ತಿ, ಅವನು ಸತ್ತಿದಾನೆ ಕಣೇ! ಒಂದು ಸಲ ಬಾಯಿಬಿಟ್ಟು ಹೇಳೇ!"

ಅವಳು ನಕ್ಕಳು. ಡಾಕ್ಟರು ನನ್ನ ಕಡೆ ತಿರುಗಿದರು. "ನಿಮಗೆ ಹೇಗಿದೆ?"

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

ಆದರೂ ಬಿಡದೆ ಕೇಳಿದರು. ತಮ್ಮ ಸತ್ತದ್ದು, ನಿದ್ದೆ ಹೋದದ್ದು, ಮೀನು ಕಾರ್ಖಾನೆಯ ಕೆಲಸ ಬಿಟ್ಟದ್ದು, ಚರ್ಚಿನಲ್ಲಿ ಹಾಡುವುದು ನಿಂತದ್ದು. ಒಂದೊಂದಕ್ಕೂ ಅಂಕ ಹೇಳುತ್ತಾ ಹೋದೆ. ಕೂಡಿಸಿ ನೋಡಿದ ಡಾಕ್ಟರ ಮುಖ ಸಪ್ಪಗಾಯಿತು.

"ನನಗೆ ನಿಮ್ಮದೇ ಯೋಚನೆ. ಹೀಗೇ ಇದ್ರೆ ಹಾಸಿಗೆ ಹಿಡೀತೀರಿ. ಒಬ್ಬರೇ ಇರ್ಬೇಡಿ," ಅಂದು ಹೊರಟುಹೋದರು.

ನಾನೂ ಹೊರಡಲು ಎದ್ದೆ. ಟೊರುನ್ ಕೈಹಿಡಿದು ಕೂರಿಸಿದಳು. ಅವಳ ತೋಳು ತಣ್ಣಗಿತ್ತು, ಉಪ್ಪಿನ ವಾಸನೆ ಬರುತ್ತಿತ್ತು.

"ಮಾಗ್ನಿ ಅಕ್ಕಾ, ನೀವಿಲ್ಲೇ ಇದ್ಬಿಡಿ. ಅವನೂ ಕೇಳ್ತಾ ಇರ್ತಾನೆ, ಅಕ್ಕ ಯಾಕೆ ನನ್ನ ಲೋಟ ಬೋರಲು ಹಾಕ್ತಾಳೆ ಅಂತ."

ಬೈಯಲೆಂದು ಬಾಯಿ ತೆರೆದೆ. ಅಯ್ಯೋ ದೇವರೇ, ನನ್ನ ತಮ್ಮನನ್ನು ಒಂದೇ ಒಂದು ಸಲ ನೋಡಬೇಕು ಅನ್ನಿಸಿಬಿಟ್ಟಿತು. ಎದ್ದುಹೋಗಿ ಅವನ ಲೋಟಕ್ಕೆ ಕಾಫಿ ಬಗ್ಗಿಸಿದೆ.

"ಸಕ್ಕರೆ ಈಗಲೂ ಎರಡು ಚಮಚ ತಾನೆ?" ಅಂತ ಟೊರುನ್‌ಳನ್ನು ಕೇಳಿದೆ.